ಕಡೆಯಾಳಿನ ನಿಷೇಧವನ್ನು ನನ್ನ ಹೆಸರಿಗೆ ಬರೆಯಿರಿ

ಮಾನ್ಯ ಕಾರ್ಯದರ್ಶಿಗಳೇ,

ಕೂಳಿಪ್ಪಾಡಂನ ಸೌಹೃದ ಕಲಾ ಮತ್ತು ಕ್ರೀಡಾ ಸಂಘದ ಹಗ್ಗಜಗ್ಗಾಟ ತಂಡದಲ್ಲಿ ಹಗ್ಗದ ತುದಿಗೆ ನಿಲ್ಲುವ ಕಡೆಯಾಳು ಸೈದಲವಿ ಇನ್ನು ಎರಡು ವರ್ಷ ಹಗ್ಗ ಮುಟ್ಟಕೂಡದು ಎಂದು ತಮ್ಮ ಜಿಲ್ಲಾ ಒಕ್ಕೂಟ ಹೊರಡಿಸಿದ ಆದೇಶ ನಾಲ್ಕು ವಾರದ ಹಿಂದೆ ನನ್ನ ಕೈ ಸೇರಿತು. “ಸಹ ಆಟಗಾರನನ್ನು ಸಾರ್ವಜನಿಕವಾಗಿ ನಿಂದಿಸಿ, ಅಂಗಿ ಹಿಡಿದೆಳೆದು, ತಂಡದ ಒಗ್ಗಟ್ಟನ್ನು ಭಂಗಗೊಳಿಸಿ, ತನ್ಮೂಲಕ ತಂಡದ ಸಾಮರ್ಥ್ಯಕ್ಕೆ ಧಕ್ಕೆ ತಂದ ಕಾರಣ” ಎಂದು ಅದರಲ್ಲಿ ಬರೆದಿದೆ. ಭಾಷೆ ಗಂಭೀರವಾಗಿದೆ, ಮೊಹರು ನೇರವಾಗಿ ಬಿದ್ದಿದೆ, ಸಹಿಯೂ ಚೆಂದವಾಗಿದೆ. ತಪ್ಪಿರುವುದು ಅಪರಾಧಿಯ ಹೆಸರೊಂದೇ. ಆ ಒಗ್ಗಟ್ಟನ್ನು ಕಟ್ಟಿದವನು ನಾನು, ಮುರಿದವನೂ ನಾನು. ಎರಡನ್ನೂ ಒಂದೇ ವರ್ಷದಲ್ಲಿ, ಒಂದೇ ಮಟ್ಟದ ಅವಿವೇಕದಿಂದ ಮಾಡಿದ್ದೇನೆ. ಇದರ ಬಗ್ಗೆ ತಮಗೆ ಖಾಸಗಿಯಾಗಿ ಮೂರು ಕಾಗದ ಬರೆದೆ, ಉತ್ತರ ಬರಲಿಲ್ಲ. ಆ ಮೂರರಲ್ಲೂ ನಾನು ಮುಖ್ಯ ವಿಷಯವನ್ನೇ ಬರೆದಿರಲಿಲ್ಲವಾದ್ದರಿಂದ ತಾವು ಉತ್ತರಿಸದೆ ಇದ್ದದ್ದು ಸರಿಯೇ ಇರಬಹುದು. ಈ ಸಲ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಪರಾಧಿಯ ಪರಿಚಯ. ನಾನು ಮೂವತ್ತೊಂದು ವರ್ಷ ಹಿರಿಯ ಪ್ರಾಥಮಿಕ ಶಾಲೆಯ ಡ್ರಿಲ್ ಮಾಸ್ತರನಾಗಿದ್ದವನು. ತೂಕ ಐವತ್ತೆಂಟು ಕಿಲೋ, ಅದೂ ಪಂಚೆ ಒದ್ದೆಯಾಗಿದ್ದರೆ. ಜೀವಮಾನದಲ್ಲಿ ಒಂದು ಪಂದ್ಯದಲ್ಲೂ ಹಗ್ಗ ಹಿಡಿದವನಲ್ಲ. ಆದರೂ ಹನ್ನೆರಡು ವರ್ಷದಿಂದ ಸೌಹೃದ ತಂಡದ ತರಬೇತುದಾರ. ಏಳು ಮಂದಿ ಹಿಮ್ಮಡಿಯನ್ನು ನೆಲಕ್ಕೆ ಊರಿ, ಬೆನ್ನು ಮಣ್ಣಿಗೆ ತಾಗುವಷ್ಟು ಹಿಂದಕ್ಕೆ ಒರಗಿ, ಎದುರಿನ ಏಳು ಮಂದಿಯ ಸತ್ವ ಇಳಿಯುವ ತನಕ ಹಗ್ಗವನ್ನು ಬಿಡದೆ ಹಿಡಿದಿರುತ್ತಾರಲ್ಲ, ಆಗ ಪಕ್ಕದಲ್ಲಿ ಬಗ್ಗಿ ನಿಂತು “ಹೋಯ್” ಎಂದು ಕೂಗುವುದು ನನ್ನ ಕೆಲಸ. ಆ ಕೂಗಿಗೆ ಏಳು ಕಾಲು ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಬರಬೇಕು. ನನ್ನ ಹೆಂಡತಿ ತಂಗಮಣಿಯ ಅಭಿಪ್ರಾಯದಲ್ಲಿ, ಬೇರೆಯವರು ಕಷ್ಟಪಡುವಾಗ ಪಕ್ಕದಲ್ಲಿ ನಿಂತು ಕೂಗುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ತಂಡದ ಹೆಸರು ಸೌಹೃದ ಎಂದಿದ್ದರೂ ಆರು ವರ್ಷಗಳಿಂದ ಹಗ್ಗದ ಮುಂದೆ ನಿಲ್ಲುವ ಮುಂದಾಳು ಮತ್ತು ಕಡೆಯಾಳು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಮುಂದಾಳು ಪ್ರಜೀಷ್, ಕೆಂಪುಕಲ್ಲಿನ ಕ್ವಾರಿಯಲ್ಲಿ ಕಲ್ಲು ಕೊಯ್ಯುವವನು. ಕಡೆಯಾಳು ಸೈದಲವಿ, ಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವವನು. ಹಗ್ಗದ ಕೊನೆಯನ್ನು ಕಂಕುಳಡಿಯಿಂದ ಬೆನ್ನಿಗೆ ತಂದು ಹೆಗಲಿಗೆ ಸುತ್ತಿಕೊಂಡು ನಿಂತನೆಂದರೆ ತೆಂಗಿನ ಮರ ನೆಟ್ಟ ಹಾಗೆ. ಇವರ ಜಗಳಕ್ಕೆ ಕಾರಣ ಒಂದು ಹೋತ. ನಮ್ಮ ಕಡೆ ಗೆದ್ದವರಿಗೆ ಹೋತವನ್ನೋ ಬಾಳೆಗೊನೆಯನ್ನೋ ಹುಂಜವನ್ನೋ ಕೊಡುವುದು ತಮಗೆ ಗೊತ್ತೇ ಇದೆ. ಆರು ವರ್ಷದ ಹಿಂದೆ ಗೆದ್ದ ಹೋತವನ್ನು ಭಾನುವಾರದವರೆಗೆ ಸೈದಲವಿಯ ಮನೆಯಲ್ಲಿ ಕಟ್ಟಿದೆವು. ಅಷ್ಟರಲ್ಲಿ ಅವನ ನಾಲ್ಕು ವರ್ಷದ ಮಗಳು ಅದಕ್ಕೆ ಗಂಟೆ ಕಟ್ಟಿ ಸುಲ್ತಾನ ಎಂದು ಹೆಸರಿಟ್ಟಿದ್ದಳು. ಭಾನುವಾರ ನಾವೆಲ್ಲ ಪಾತ್ರೆ ಹಿಡಿದು ಹೋದರೆ ಸೈದಲವಿ ಬಾಗಿಲಲ್ಲೇ ನಿಂತು, “ಇದನ್ನ ಕಡಿಯೋಕಾಗಲ್ಲ, ಹೆಸರಿಟ್ಟಾಯ್ತು” ಅಂದ. ಉಳಿದವರು ನಕ್ಕು ಹಿಂದಿರುಗಿದರು. ಪ್ರಜೀಷ್ ಮಾತ್ರ ಅಂದು ಮಾವನ ಮನೆಯವರನ್ನು ಮಾಂಸದೂಟಕ್ಕೆ ಕರೆದಿದ್ದ. ಖಾಲಿ ಪಾತ್ರೆ ಹೊತ್ತು ಹೋದವನು ಆಮೇಲೆ ಮಾತಾಡಲೇ ಇಲ್ಲ.

ಅಭ್ಯಾಸದ ಹೊತ್ತಿನಲ್ಲಿ ಪ್ರಜೀಷ್ ತನ್ನ ಹಿಂದಿನವನಿಗೆ ಹೇಳುತ್ತಿದ್ದ: “ಕಡೇಲಿರೋರಿಗೆ ಹೇಳು, ಎಡಗಾಲು ಜಾರ್ತಿದೆ ಅಂತ.” ಐವರನ್ನು ದಾಟಿ ಅದು ಸೈದಲವಿಯನ್ನು ತಲುಪುತ್ತಿತ್ತು. “ಮುಂದಿರೋರಿಗೆ ಹೇಳು, ನನ್ನ ಕಾಲು ನನ್ನ ಹತ್ರಾನೇ ಇದೆ, ಅವರ ಕಣ್ಣು ಎದುರಿಗಿರ್ಲಿ ಅಂತ.” ಈ ತಂಡ ಕಳೆದ ಋತುವಿನಲ್ಲಿ ಒಂಬತ್ತು ಪಂದ್ಯಾವಳಿಗಳಲ್ಲಿ ಏಳನ್ನು ಗೆದ್ದಿತು.

ಆಗ ಬಂತು ತಮ್ಮ ಸುತ್ತೋಲೆ. ಗುಂಪಿನ ಒಗ್ಗಟ್ಟು ಹೆಚ್ಚಾದಷ್ಟೂ ಆಟದ ಸಾಮರ್ಥ್ಯ ಹೆಚ್ಚುತ್ತದೆಯೆಂದು ತಜ್ಞರು ಸಾಬೀತುಪಡಿಸಿದ್ದಾರೆ. ಆದ್ದರಿಂದ ಪ್ರತಿ ತಂಡವೂ ಒಗ್ಗಟ್ಟಿನ ನಮೂನೆಯನ್ನು ತುಂಬಿ ಕಳಿಸತಕ್ಕದ್ದು. ನೂರಕ್ಕೆ ಅರವತ್ತು ಅಂಕ ಬಾರದ ತಂಡಕ್ಕೆ ಮೊದಲ ದರ್ಜೆಯಲ್ಲಿ ಆಡಲು ಅವಕಾಶವಿಲ್ಲ. ಯಾವ ತಜ್ಞರು, ಯಾವ ಆಟ ನೋಡಿ ಸಾಬೀತುಪಡಿಸಿದರು ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಯಾಕೆಂದರೆ ಮೂರು ದಿನದ ಕ್ರೀಡಾ ಮನೋವಿಜ್ಞಾನ ಶಿಬಿರದ ಪ್ರಮಾಣಪತ್ರವೊಂದು ನನ್ನ ಬಳಿಯಿದೆ. ಮೂರನೆಯ ದಿನ ಮಧ್ಯಾಹ್ನದ ಊಟವಾದ ಮೇಲೆ ನಾನು ಕೂತಲ್ಲೇ ತೂಕಡಿಸಿದ್ದೆನಾದರೂ ಪ್ರಮಾಣಪತ್ರದಲ್ಲಿ ಅದು ನಮೂದಾಗಿಲ್ಲ. ಆ ಕಾಗದದ ಬಲದಿಂದ ತಮ್ಮ ಸುತ್ತೋಲೆ ನನಗೆ ಸ್ವಂತ ಅಣ್ಣ ಬರೆದ ಪತ್ರದಂತೆ ಆಪ್ತವಾಯಿತು.

ನಮೂನೆ ತುಂಬಿಸಿದೆ. ‘ನಿಮ್ಮ ವೈಯಕ್ತಿಕ ದುಃಖವನ್ನು ಸಹ ಆಟಗಾರರೊಂದಿಗೆ ಹಂಚಿಕೊಳ್ಳುತ್ತೀರಾ?’ ಎಂಬ ಪ್ರಶ್ನೆಗೆ ಪ್ರಜೀಷ್, ‘ದುಃಖವೇ ಅವರು’ ಎಂದು ಬರೆದ. ‘ಸಹ ಆಟಗಾರರ ಮನೆಗೆ ತಿಂಗಳಿಗೆ ಎಷ್ಟು ಸಲ ಹೋಗುತ್ತೀರಿ?’ ಎಂಬುದಕ್ಕೆ ಸೈದಲವಿ, ‘ದಾರಿ ಗೊತ್ತು’ ಎಂದಷ್ಟೇ ಬರೆದ. ಒಟ್ಟು ಅಂಕ ಇಪ್ಪತ್ತಮೂರು. ಏಳು ಕಪ್ ಗೆದ್ದ ತಂಡ ನಪಾಸಾಯಿತು. ಅಂಕ ಸರಿಯಿದೆಯೇ ಎಂದು ಸಂಶಯಪಡುವ ಬದಲು ಏಳು ಕಪ್‌ಗಳು ಸರಿಯಾಗಿ ಬಂದವೇ ಎಂದು ಸಂಶಯಪಟ್ಟವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಸುತ್ತೋಲೆಯಲ್ಲೇ ಪರಿಹಾರವೂ ಇತ್ತಲ್ಲ: ಕುಟುಂಬ ಸಮೇತ ಸಹಭೋಜನ ಕೂಟಗಳು. ಪ್ರತಿ ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಊಟ ಎಂದು ಪಟ್ಟಿ ಹಾಕಿದೆ. ಮೊದಲನೆಯದು ಸೈದಲವಿಯ ಮನೆಯಲ್ಲಿ. ಅವನ ತಾಯಿ ಬಿಯ್ಯಾತುಮ್ಮ ಎಪ್ಪತ್ತು ದಾಟಿದವರು, ಬಿರಿಯಾನಿಯ ಪಾತ್ರೆಯ ಮುಚ್ಚಳವನ್ನು ಇಂದಿಗೂ ಬೇರೆಯವರ ಕೈಯಲ್ಲಿ ತೆರೆಸುವುದಿಲ್ಲ. ಪ್ರಜೀಷ್ ಬಂದ, ಆದರೆ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತುಬಿಟ್ಟ. ಮುದುಕಿ ಎದುರಿಗೆ ಬಂದು ನಿಂತು ಮಗನೇ ಎಂದು ಕರೆದರು.

“ಮೋನೇ, ಆ ಹೋತದ ಮೇಲಿನ ಕೋಪ ಅನ್ನದ ಮೇಲೆ ಯಾಕೆ? ಇದು ಕೋಳಿ.”

ಎಲ್ಲರೂ ನಕ್ಕರು. ಪ್ರಜೀಷನೂ ನಕ್ಕ. ಮತ್ತೆ ಬಡಿಸಲು ಬಂದಾಗ ಬೇಡವೆನ್ನಲಿಲ್ಲ. ಊಟದ ನಡುವೆ, ಸೈದಲವಿಯ ಮುಖ ನೋಡದೆ, “ಇಕ್ಕಾ, ಉಪ್ಪಿನಕಾಯಿ ಈ ಕಡೆ ಕೊಡಿ” ಅಂದ. ಆರು ವರ್ಷದ ಮೇಲೆ ಮೊದಲ ಮಾತು, ಅದೂ ಅಣ್ಣಾ ಎಂದು ಕರೆದು! ನನ್ನ ಕಣ್ಣಲ್ಲಿ ನೀರು ಬಂತು. ಒಗ್ಗಟ್ಟಿನ ವಿಜ್ಞಾನ ಗೆದ್ದಿತು ಎಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದುಕೊಂಡೆ. ಗೆದ್ದದ್ದು ವಿಜ್ಞಾನವಲ್ಲ, ಬಿಯ್ಯಾತುಮ್ಮ ಎಂಬುದು ಆಗ ಹೊಳೆಯಲಿಲ್ಲ.

ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಪ್ರಜೀಷನ ಹೆಂಡತಿಯ ಹೆರಿಗೆ ಕಷ್ಟವಾದಾಗ ಸೈದಲವಿ ಎರಡು ದಿನ ಆಸ್ಪತ್ರೆಯ ಬೆಂಚಿನಿಂದ ಏಳಲಿಲ್ಲ, ತನ್ನ ರಕ್ತವನ್ನೂ ಕೊಟ್ಟ. ಮಗುವನ್ನು ಮೊದಲು ಎತ್ತಿಕೊಂಡವರು ಬಿಯ್ಯಾತುಮ್ಮ. ಎರಡನೆಯ ನಮೂನೆಯಲ್ಲಿ ನಮಗೆ ತೊಂಬತ್ತೊಂದು ಅಂಕ ಬಂತು. ತಾವೇ ಅಭಿನಂದನಾ ಪತ್ರ ಕಳಿಸಿದಿರಿ. ನಾನು ಅದಕ್ಕೆ ಲ್ಯಾಮಿನೇಶನ್ ಮಾಡಿಸಿ, ಗೋಡೆಯಲ್ಲಿ ನನ್ನ ಮದುವೆಯ ಫೋಟೊ ಇದ್ದ ಮೊಳೆಗೆ ತೂಗುಹಾಕಿದೆ. ಮದುವೆಯ ಫೋಟೊ ಈಗಲೂ ಕಪಾಟಿನ ಮೇಲೆ ಬೋರಲು ಬಿದ್ದಿದೆ.

ತೊಂಬತ್ತೊಂದು ಅಂಕದ ಆ ತಂಡ ಮುಂದಿನ ಐದು ಪಂದ್ಯಾವಳಿಗಳಲ್ಲಿ ಐದನ್ನೂ ಸೋತಿತು.

ಹೇಗೆ ಸೋತಿತೆಂದು ಹೇಳುತ್ತೇನೆ, ತಮ್ಮ ತಜ್ಞರು ಬರೆದುಕೊಳ್ಳಲಿ. ನಮ್ಮ ವಿಭಾಗದಲ್ಲಿ ಏಳು ಮಂದಿಯ ಒಟ್ಟು ತೂಕ ನಾನೂರ ಐವತ್ತೈದು ಕಿಲೋ ಮೀರಬಾರದು. ಮೈದಾನದಲ್ಲಿ ತಕ್ಕಡಿ ಹತ್ತಿ, ಕೂಡಿಸಿ, ಸರಿಯಿದ್ದರೆ ಮಾತ್ರ ತೋಳಿಗೆ ಮುದ್ರೆ. ಮೊದಲ ಪಂದ್ಯಾವಳಿಯ ದಿನ ಮಧ್ಯಾಹ್ನ ತೂಗಿದರೆ ನಾನೂರ ಅರವತ್ತೊಂದು! ಆರು ಕಿಲೋ ಹೆಚ್ಚು. ಏಳು ಮಂದಿಗೂ ಪ್ಲಾಸ್ಟಿಕ್ ಕೋಟು ತೊಡಿಸಿ ಉರಿಬಿಸಿಲಲ್ಲಿ ಶಾಲೆಯ ಸುತ್ತ ಓಡಿಸಿದೆ. ಕುಡಿಯಲು ನೀರು ಕೊಡಲಿಲ್ಲ. ಉಗುಳು ನುಂಗಬೇಡಿ, ಉಗಿಯಿರಿ ಎಂದೆ. ಸಂಜೆ ಹೊತ್ತಿಗೆ ನಾನೂರ ಐವತ್ತೈದಕ್ಕೆ ಇಳಿಸಿ ಮುದ್ರೆ ಹಾಕಿಸಿಕೊಂಡು, ಒಣಗಿದ ತುಟಿಯ ಏಳು ಗಂಡಸರನ್ನು ಹಗ್ಗದ ಮುಂದೆ ನಿಲ್ಲಿಸಿದೆ. ಐದು ಸಲವೂ ಇದೇ ಕಥೆ.

ಆದರೆ ನನಗೆ ಕಂಡದ್ದು ಒಣಗಿದ ತುಟಿಯಲ್ಲ, ಅವರ ಪ್ರೀತಿ. ಹಗ್ಗ ಬಿಗಿದು ಅರ್ಧ ನಿಮಿಷವಾಗಿತ್ತು. ಪ್ರಜೀಷನ ಅಂಗೈ ಸುಲಿದು ಅವನು “ಅಯ್ಯೋ” ಅಂದದ್ದೇ ತಡ, ಹಿಂದಿನಿಂದ ಸೈದಲವಿಯ ದನಿ: “ಕೈ ನೋವಾಯ್ತೇನೋ ಮೋನೇ?”

“ಇಲ್ಲ ಇಕ್ಕಾ, ನೀವು ಜೋಪಾನ, ಸೊಂಟ ನೋಡ್ಕೊಳ್ಳಿ.”

“ನನ್ ಸೊಂಟಕ್ಕೇನೂ ಆಗಿಲ್ಲ ಕಣೋ, ನೀನು…”

ಅಷ್ಟರಲ್ಲಿ ಹಗ್ಗ ಎದುರಿನವರ ಪಾಲಾಗಿತ್ತು. ಬಿದ್ದಲ್ಲಿಂದಲೇ “ತಪ್ಪು ನಂದು”, “ಇಲ್ಲ ಇಲ್ಲ, ನಂದು” ಎಂದು ಇಬ್ಬರೂ ಕೈ ಹಿಡಿದುಕೊಂಡು ಏಳುತ್ತಿದ್ದರು. ಪ್ರೇಕ್ಷಕರಲ್ಲಿ ಯಾರೋ, “ಮಾಷೇ, ಇವರಿಗೆ ಹಗ್ಗ ಬೇಡ, ಹಾರ ತರಿಸಿ” ಎಂದು ಕೂಗಿದರು. ನನಗೆ ಅವಮಾನವಾಯಿತು, ಮತ್ತು ಅವಮಾನವಾದಾಗಲೆಲ್ಲ ನಾನು ಹೊಸ ಸಿದ್ಧಾಂತವೊಂದನ್ನು ಹುಡುಕಿಕೊಳ್ಳುವ ಜಾತಿಯವನು. ಪ್ರೀತಿಯೇ ಇವರನ್ನು ಸೋಲಿಸುತ್ತಿದೆ, ದ್ವೇಷವೇ ಇವರನ್ನು ಗೆಲ್ಲಿಸುತ್ತಿತ್ತು ಎಂದು ತೀರ್ಮಾನಿಸಿದೆ. ಪ್ರಮಾಣಪತ್ರವಿರುವ ಮನುಷ್ಯ ಎಷ್ಟು ಬೇಗ ಈ ತುದಿಯಿಂದ ಆ ತುದಿಗೆ ಹಾರಬಲ್ಲ ನೋಡಿ.

ಕೊನೆಯ ಪಂದ್ಯಾವಳಿ ವೆಳ್ಳಾರಂಪಾರ ಶಾಲೆಯ ಮೈದಾನದಲ್ಲಿ ನಡೆಯಿತು. ಅದನ್ನು ಗೆಲ್ಲದಿದ್ದರೆ ಸೌಹೃದ ಮೊದಲ ದರ್ಜೆಯಿಂದ ಕೆಳಗಿಳಿಯುವುದು ಖಚಿತವಾಗಿತ್ತು. ಅಂದು ನಮ್ಮವರು ಎರಡು ಸುತ್ತು ಗೆದ್ದು ಅಂತಿಮ ಪಂದ್ಯಕ್ಕೆ ಬಂದರು. ಅದೃಷ್ಟ ಅಂದುಕೊಂಡೆ. ಎದುರಿಗಿದ್ದ ತಂಡ ಆ ಋತುವಿನಲ್ಲಿ ಒಂದೂ ಸೋತಿರಲಿಲ್ಲ. ಹಗ್ಗ ಹಿಡಿಯಬೇಕಾದವನು ನಾನಲ್ಲದಿದ್ದರೂ ಸೋಲನ್ನು ನಾನು ಮೊದಲೇ ಲೆಕ್ಕ ಹಾಕಿಬಿಟ್ಟೆ. ಪ್ರಜೀಷ್ ಒಬ್ಬನೇ ಕೂತು, ಹಗ್ಗ ಜಾರದಂತೆ ಅಂಗೈಗೆ ಅಂಟು ಉಜ್ಜಿಕೊಳ್ಳುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತೆ.

“ಪ್ರಜೀಷಾ, ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಮನಸ್ಸಿಗೆ ಹಚ್ಕೋಬೇಡ.”

“ಏನು ಮಾಷೇ?”

“ಸೈದಲವಿ ಅಂತಿದ್ದ. ‘ನಮ್ಮನೇಲಿ ಕೂತಲ್ಲೇ ಮೂರು ತಟ್ಟೆ ಬಿರಿಯಾನಿ ಇಳಿಸಿದ, ನಾನೇ ಎಣಿಸಿದೀನಿ. ಅವನ ಕೈ ಈಗ ತಟ್ಟೆಗೆ ಸೈ, ಹಗ್ಗಕ್ಕಲ್ಲ’ ಅಂತ.”

ಇದನ್ನು ಸೈದಲವಿ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಅಲ್ಲೇ, ಆ ಕ್ಷಣದಲ್ಲೇ ನಾನು ಕಟ್ಟಿದ ಸುಳ್ಳು. ಪ್ರಜೀಷ್ ಕೇಳಿದ್ದು ಒಂದೇ ಮಾತು: “ಎಣಿಸಿದಾರಾ?”

ಮಾನ್ಯರೇ, ನಮ್ಮ ಕಡೆ ಒಬ್ಬನನ್ನು ಕಳ್ಳ ಎನ್ನಬಹುದು, ಸುಳ್ಳ ಎನ್ನಬಹುದು, ಸಂಜೆ ಚಹಾದ ಹೊತ್ತಿಗೆ ಅದು ಮರೆತುಹೋಗುತ್ತದೆ. ಮನೆಗೆ ಬಂದವನ ತುತ್ತು ಎಣಿಸಿದ ಎಂಬ ಮಾತು ಮಾತ್ರ ಎರಡು ಮನೆಗಳನ್ನೂ ಕೆಡಿಸುತ್ತದೆ. ತಿಂದವನಿಗೆ ಮತ್ತೆ ಆ ಹೊಸ್ತಿಲು ತುಳಿಯಲಾಗದು, ಬಡಿಸಿದವರಿಗೆ ಮತ್ತೆ ಯಾರನ್ನೂ ‘ಬನ್ನಿ’ ಎಂದು ಕರೆಯಲಾಗದು. ನನಗೆ ಇದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆರಿಸಿಕೊಂಡೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಬುದ್ಧಿ ಅಂದು ಚೆನ್ನಾಗಿ ಕೆಲಸ ಮಾಡಿತು.

ಪ್ರಜೀಷ್ ಎದ್ದು ನೇರವಾಗಿ ಸೈದಲವಿಯ ಬಳಿ ಹೋದ. “ಇನ್ಮೇಲೆ ನಿನ್ನ ಮನೇಲಿ ನೀರೂ ಮುಟ್ಟಲ್ಲ. ಎಣಿಸ್ಕೊಂಡು ಕೂತಿರು.”

“ಏನೋ ಎಣಿಸೋದು?”

“ನಾನು ತಿಂದದ್ದು!”

ಸೈದಲವಿಯ ಮುಖ ಬಿಳಿಚಿತು. “ನನ್ನ ಉಮ್ಮ ಬಡಿಸಿದ್ದನ್ನ ನಾನು ಎಣಿಸಿದೆ ಅಂದ್ಯಾ? ನನ್ನ ಉಮ್ಮ ಬಡಿಸಿದ್ದನ್ನ?” ಎನ್ನುತ್ತಾ ಅವನ ಅಂಗಿ ಹಿಡಿದ. ಆಮೇಲೆ ಅವನ ಬಾಯಿಂದ ಬಂದ ಪದಗಳನ್ನು ತಮ್ಮ ವೀಕ್ಷಕರು ಆದೇಶದ ಎರಡನೆಯ ಪುಟದಲ್ಲಿ ಯಥಾವತ್ತಾಗಿ ದಾಖಲಿಸಿದ್ದಾರೆ. ಅಕ್ಷರದೋಷ ಒಂದೂ ಇಲ್ಲ, ಅವರ ಶ್ರದ್ಧೆ ದೊಡ್ಡದು. ಉಳಿದವರು ಬಂದು ಇಬ್ಬರನ್ನೂ ಬಿಡಿಸಿದರು. ಐದು ನಿಮಿಷದಲ್ಲಿ ಪಂದ್ಯ ಶುರುವಾಯಿತು, ಎರಡು ಎಳೆತಗಳಲ್ಲಿ ಎರಡನ್ನೂ ಗೆದ್ದೆವು. ಮೊದಲ ದರ್ಜೆ ಉಳಿಯಿತು. ನಾನು ಕುಣಿದೆ. ಎದೆ ಉಬ್ಬಿಸಿಕೊಂಡು ಜೀಪು ಹತ್ತಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಏಳು ಮಂದಿಯಲ್ಲಿ ಒಬ್ಬನೂ ಕಪ್ ಕಡೆಗೆ ನೋಡಲಿಲ್ಲವೆಂಬುದು ಮನೆ ತಲುಪಿದ ಮೇಲೆ ನೆನಪಾಯಿತು.

ಮುಂದಿನದು ತಮಗೆ ಗೊತ್ತು, ಏಕೆಂದರೆ ವಿಚಾರಣೆ ನಡೆದದ್ದು ತಮ್ಮ ಮೇಜಿನ ಮುಂದೆಯೇ. “ನಿಮ್ಮ ಅಂಗಿ ಹಿಡಿದೆಳೆದದ್ದು ಹೌದೇ?” ಎಂದು ತಾವು ಪ್ರಜೀಷನನ್ನು ಕೇಳಿದಿರಿ. “ಅಂಗಿ ಹಳೇದು ಸಾರ್, ತಾನಾಗೇ ಹರೀತು” ಅಂದ. ಸೈದಲವಿಯನ್ನು ಕಾರಣ ಕೇಳಿದಿರಿ. “ಬಾಯಿಗೆ ಬಂದದ್ದು ಅಂದೆ ಸಾರ್. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ” ಅಂದ. ಉಳಿದ ಐವರು ತಾವು ಆಗ ಬೇರೆ ಕಡೆ ನೋಡುತ್ತಿದ್ದೆವೆಂದರು. ನನ್ನನ್ನು ಕೇಳಿದಾಗ ನಾನು ಶುದ್ಧ ಭಾಷೆಯಲ್ಲಿ, “ಆಟದ ಉದ್ವೇಗ” ಎಂದೆ. ತಮ್ಮ ಆದೇಶದ ಕೊನೆಯ ಸಾಲು ಹೀಗಿದೆ: “ತಂಡದ ಯಾವ ಸದಸ್ಯನೂ ಸಾಕ್ಷ್ಯ ನುಡಿಯಲು ಮುಂದೆ ಬಾರದಿದ್ದುದು ತಂಡದಲ್ಲಿನ ಒಗ್ಗಟ್ಟಿನ ಕೊರತೆಗೆ ನಿದರ್ಶನವಾಗಿದೆ.” ಓದಿ ಓದಿ ಆನಂದಪಟ್ಟಿದ್ದೇನೆ. ಏಳು ಗಂಡಸರು ಒಬ್ಬರ ಮೇಲೊಬ್ಬರು ಕೆಂಡದಂಥ ಕೋಪ ಇಟ್ಟುಕೊಂಡೂ ಒಬ್ಬರನ್ನೊಬ್ಬರು ಬಿಟ್ಟುಕೊಡದೆ ತಮ್ಮ ಕಣ್ಣೆದುರೇ ಸಾಲಾಗಿ ನಿಂತಿದ್ದರಲ್ಲ, ಅದಕ್ಕೆ ತಮ್ಮ ನಮೂನೆಯಲ್ಲಿ ಎಷ್ಟನೆಯ ಪ್ರಶ್ನೆ? ಎಷ್ಟು ಅಂಕ? ಆ ಸಾಲಿನಲ್ಲಿ ತಂಡವನ್ನು ಬಿಟ್ಟುಕೊಟ್ಟವನು ಒಬ್ಬನೇ ಇದ್ದ. ಅವನನ್ನು ತಾವು ‘ಮಾಷೇ’ ಎಂದು ಕರೆದು ಕುರ್ಚಿ ಕೊಟ್ಟು ಕೂರಿಸಿದಿರಿ.

ವಿಚಾರಣೆಯ ಮಾರನೆಯ ದಿನ ಬಿಯ್ಯಾತುಮ್ಮ ನನ್ನನ್ನು ಕರೆಸಿದರು. ಜಗುಲಿಯಲ್ಲಿ ಕೂರಿಸಿ ಸುಲೈಮಾನಿ ಚಹಾ, ಅಕ್ಕಿರೊಟ್ಟಿಯಂಥ ಎರಡು ಪತ್ತಿರಿ ತಂದಿಟ್ಟರು. ನಾನು ತಿನ್ನಲು ಶುರುಮಾಡಿದ ಮೇಲೆ ಕೇಳಿದರು:

“ಮಾಷೇ, ಪ್ರಜೀಷ ಇಲ್ಲಿ ತಿಂದದ್ದನ್ನ ನನ್ನ ಮಗ ಎಣಿಸಿ ಹೇಳಿದ್ನಂತೆ. ಪೇಟೆಯೆಲ್ಲ ಆಡ್ಕೊಳ್ತಿದೆ. ಅವನು ಇಲ್ಲ ಅಂತಾನೆ. ಇಲ್ಲ ಅನ್ನದೆ ಇನ್ನೇನಂತಾನೆ, ಹೆತ್ತ ತಾಯಿ ಎದುರು ಹೌದು ಅಂತಾನಾ? ನೀವು ಅಲ್ಲೇ ಇದ್ರಿ. ನೀವು ಸುಳ್ಳು ಹೇಳೋರಲ್ಲ. ಅಂದನಾ?”

ನನ್ನ ಬಾಯಲ್ಲಿ ಪತ್ತಿರಿ ಇತ್ತು. ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಗಿದೆ. ನುಂಗಿದ ಮೇಲೆ ಚಹಾ ಕುಡಿದೆ. “ಆಟದಲ್ಲಿ ಎಷ್ಟೋ ಮಾತು ಬರ್ತವೆ ಉಮ್ಮಾ” ಅಂದೆ. ಅವರು ಇನ್ನೇನೂ ಕೇಳದೆ ಒಳಗೆ ಹೋದರು. ನನ್ನ ಆ ಉತ್ತರವನ್ನು ಅವರು ಹೌದೆಂದು ತಿಳಿದರು, ತಿಳಿಯಲಿ ಎಂದೇ ನಾನು ಹಾಗೆ ಹೇಳಿದ್ದೆ. ತಟ್ಟೆಯಲ್ಲಿದ್ದ ಎರಡನೆಯ ಪತ್ತಿರಿಯನ್ನೂ ತಿಂದೇ ಎದ್ದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಅಸಹ್ಯವಾಗುತ್ತಿದೆ. ತಮಾಷೆಗೆ ಹೇಳುತ್ತಿಲ್ಲ.

ಅಷ್ಟಾದರೂ ನಾನು ಒಂದು ಸಮಾಧಾನದಲ್ಲಿ ಬದುಕಿದ್ದೆ. ಸುಳ್ಳಾದರೇನು, ತಂಡ ಗೆದ್ದಿತಲ್ಲ! ಕಳೆದ ವಾರ ಆ ಸಮಾಧಾನವೂ ಹೋಯಿತು. ತಮಗೆ ನಾಲ್ಕನೆಯ ಕಾಗದ ಬರೆಯಲು ನೋಟ್‌ಬುಕ್ ತೆಗೆದೆ. ಪ್ರತಿ ಪಂದ್ಯದ ದಿನದ ತೂಕವನ್ನು ನಾನೇ ಅದರಲ್ಲಿ ಬರೆದಿಟ್ಟಿದ್ದೆ. ಗೆದ್ದ ಏಳು ಸಲವೂ ಮಧ್ಯಾಹ್ನದ ತೂಕವೇ ನಾನೂರ ಐವತ್ತೈದರ ಒಳಗಿತ್ತು. ಸೋತ ಐದು ಸಲವೂ ನಾಲ್ಕರಿಂದ ಆರು ಕಿಲೋ ಹೆಚ್ಚು. ವೆಳ್ಳಾರಂಪಾರದಲ್ಲಿ ನಾನೂರ ಐವತ್ನಾಲ್ಕು. ಅಂದು ಯಾರೂ ಓಡಲಿಲ್ಲ, ಎಲ್ಲರೂ ಹೊಟ್ಟೆ ತುಂಬ ನೀರು ಕುಡಿದಿದ್ದರು. ಏಕೆಂದರೆ ಅದಕ್ಕೆ ಮೊದಲಿನ ಐದು ಭಾನುವಾರ ಸಹಭೋಜನವೇ ನಡೆದಿರಲಿಲ್ಲ. ಏಕೆ ನಡೆದಿರಲಿಲ್ಲ? ಮುಂದಿನ ಸರದಿ ನಮ್ಮ ಮನೆಯದಾಗಿತ್ತು, ನಾನು ಖರ್ಚಿಗೆ ಹೆದರಿ ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದೆ.

ಅರ್ಥವಾಯಿತೇ ಮಾನ್ಯರೇ? ಪ್ರೀತಿ ಅವರನ್ನು ಸೋಲಿಸಲಿಲ್ಲ, ದ್ವೇಷ ಗೆಲ್ಲಿಸಲಿಲ್ಲ. ನೀರಿಲ್ಲದೆ ಬಿಸಿಲಲ್ಲಿ ಓಡಿಸಿದ ಮೂರ್ಖನೊಬ್ಬ ಸೋಲಿಸಿದ, ಅವನ ಜಿಪುಣತನ ಗೆಲ್ಲಿಸಿತು. ಸಂಶಯ ಬೇಡವೆಂದು ಅಂತಿಮ ಪಂದ್ಯದ ವಿಡಿಯೊವನ್ನೂ ಹಾಕಿ ನೋಡಿದೆ. ಎರಡನೆಯ ಎಳೆತದಲ್ಲಿ ಪ್ರಜೀಷನ ಎರಡೂ ಕಾಲು ಜಾರುತ್ತವೆ. ಅವನು ಕೂತೇಬಿಡುತ್ತಾನೆ. ಹಿಂದೆ ಸೈದಲವಿ, ಐದು ನಿಮಿಷದ ಹಿಂದಷ್ಟೇ ಅವನನ್ನು ಕೊಲ್ಲುವಂತೆ ನೋಡಿದವನು, ಕಣ್ಣು ಮುಚ್ಚಿ, ಇಡೀ ಹಗ್ಗದ ಭಾರವನ್ನು ತನ್ನ ಪಕ್ಕೆಲುಬಿನ ಮೇಲೆ ಹೊರುತ್ತಾನೆ. ಪ್ರಜೀಷ್ ಎದ್ದು ಕಾಲೂರುವವರೆಗೂ ಒಂದಿಂಚು ಬಿಡುವುದಿಲ್ಲ. ಪರದೆಯ ಅಂಚಿನಲ್ಲಿ ನಾನು ಬಾಯಿ ತೆರೆದು ನಿಂತಿದ್ದೇನೆ, ಕೂಗಲು ಮರೆತು. ಒಗ್ಗಟ್ಟು ಎಂದರೆ ಅದು. ತಮ್ಮ ನಮೂನೆಗೂ ನನ್ನ ಸಿದ್ಧಾಂತಗಳಿಗೂ ಅದು ಸಿಕ್ಕಿರಲಿಲ್ಲ.

ಇಷ್ಟನ್ನು ಬರೆದು ತಂಗಮಣಿಗೆ ಓದಿ ತೋರಿಸಿದೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

“ಪತ್ರಿಕೆ ಆಫೀಸು ಎಷ್ಟು ದೂರ?” ಅಂದಳು.

“ನಲವತ್ತು ಕಿಲೋಮೀಟರು ಆಗ್ಬಹುದು.”

“ಸೈದಲವಿ ಮನೆ?”

ನಾನು ಬರೆದ ಹಾಳೆಗಳನ್ನು ಜೋಡಿಸತೊಡಗಿದೆ.

“ಹತ್ರ ಇರೋರ ಮುಖ ನೋಡೋಕಾಗದೆ ದೂರದವರಿಗೆ ಬರೀತಿದೀರಿ. ಮೊದ್ಲು ಹೋಗಿ ಬಾಯಲ್ಲಿ ಹೇಳಿ, ಆಮೇಲೆ ಬೇಕಾದ್ರೆ ಅಚ್ಚು ಹಾಕ್ಸಿ.”

ನಿನ್ನೆ ಬೆಳಿಗ್ಗೆ ಮೊದಲು ಕ್ವಾರಿಗೆ ಹೋದೆ. ಕಲ್ಲು ಕೊಯ್ಯುವ ಯಂತ್ರದ ಸದ್ದಿನಲ್ಲಿ ಪ್ರಜೀಷನಿಗೆ ಏನೂ ಕೇಳಿಸಲಿಲ್ಲ. “ಏನು ಮಾಷೇ? ಜೋರಾಗಿ ಹೇಳಿ!” ಅಂದ. ನಾನು ಹೊಟ್ಟೆಯಿಂದ ದನಿ ಎತ್ತಿ, “ಸೈದಲವಿ ಎಣಿಸಿಲ್ಲ, ನಾನೇ ಸುಳ್ಳು ಹೇಳಿದ್ದು” ಎಂದು ಕೂಗುವುದಕ್ಕೂ ಯಾರೋ ಯಂತ್ರ ನಿಲ್ಲಿಸುವುದಕ್ಕೂ ಸರಿಹೋಯಿತು. ಇಡೀ ಕ್ವಾರಿ ತಿರುಗಿ ನೋಡಿತು. ಹನ್ನೆರಡು ವರ್ಷದಲ್ಲಿ ನನ್ನ ಕೂಗು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅದೇ ಮೊದಲು. ಪ್ರಜೀಷ್ ಮುಖದ ಕೆಂಪು ಧೂಳನ್ನು ಟವೆಲಿನಲ್ಲಿ ಒರೆಸಿಕೊಂಡ. ಬೈಯಲಿಲ್ಲ. “ಉಮ್ಮ ಮನೇಲಿದಾರಾ?” ಎಂದಷ್ಟೇ ಕೇಳಿ ಬೈಕು ಹತ್ತಿ ಹೊರಟುಹೋದ. ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

ನಾನು ನಡೆದುಕೊಂಡು ತಲುಪುವಷ್ಟರಲ್ಲಿ ಜಗುಲಿಯ ಕೆಳಗೆ ಅವನ ಚಪ್ಪಲಿ ಇತ್ತು. ಒಳಗಿನಿಂದ ಪಾತ್ರೆಯ ಸದ್ದು. ಸೈದಲವಿ ಗೇಟಿನ ಬಳಿ ಬಂದ.

“ನಂಗೆ ಗೊತ್ತಿತ್ತು ಮಾಷೇ. ಅವತ್ತು ಅವನ ಪಕ್ಕ ಕೂತು ಎದ್ದು ಬಂದೋರು ನೀವೊಬ್ರೇ.”

“ಮತ್ತೆ ವಿಚಾರಣೇಲಿ ಯಾಕಪ್ಪಾ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮನ್ನ ತೆಗೀತಿದ್ರು. ಕಡೇಲಿ ನಿಲ್ಲೋಕೆ ಇನ್ನೊಬ್ಬ ಸಿಗ್ತಾನೆ. ಹುಡುಗರ ಕಾಲು ನಿಮ್ಮ ಕೂಗಿಗೆ ಒಗ್ಗಿಬಿಟ್ಟಿದೆ.” ಆಮೇಲೆ ಹೇಳಿದ: “ಸುಳ್ಳು ಹೇಳಿದ್ದು ನೀವು, ಸರಿ. ನಂಬಿದ್ದು ಅವನಲ್ವಾ? ಅದೇ ನಂಗೆ ಜಾಸ್ತಿ ನೋವಾಗಿದ್ದು.”

ಆಗ ಬಿಯ್ಯಾತುಮ್ಮ ಜಗುಲಿಗೆ ಬಂದರು. ಕೈಯಲ್ಲಿ ಸೌಟು ಇತ್ತು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

“ಪ್ರಜೀಷ ಎಲ್ಲ ಹೇಳ್ದ. ಐದು ವಾರ ಆಯ್ತು ಮಾಷೇ, ನನ್ನ ಮಗನ ಕೈಯಿಂದ ಒಂದು ಲೋಟ ನೀರು ಇಸ್ಕೊಂಡಿಲ್ಲ ನಾನು. ನಿಮ್ಮ ಮಾತು ನಂಬ್ಕೊಂಡು.”

ನಾನು ಕೈ ಮುಗಿದೆ. ಅವರು ಅದನ್ನು ನೋಡಲಿಲ್ಲ. ಮಗನತ್ತ ತಿರುಗಿ, “ಒಳಗೆ ಬಾ, ಅವನು ಕಾಯ್ತಿದಾನೆ, ಅನ್ನ ಆರುತ್ತೆ” ಅಂದರು. ಸೈದಲವಿ ನನ್ನನ್ನೂ ಕರೆಯಲೆಂದು ಬಾಯಿ ತೆರೆದ. ಅವರು ಸೌಟು ಎತ್ತಿ ತಡೆದರು.

“ಅವರಿಬ್ರು ಉಣ್ಲಿ. ನೀವು ಹೋಗಿ ಮಾಷೇ. ಇನ್ನು ಈ ಮನೇಲಿ ನಿಮಗೆ ಬಡಿಸೋಕೆ ನನ್ನ ಕೈ ಬರಲ್ಲ.”

ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಸೈದಲವಿಯ ಮೇಲಿನ ನಿಷೇಧವನ್ನು ಈ ತಿಂಗಳು ಮುಗಿಯುವ ಮೊದಲು ರದ್ದುಮಾಡಿ, ಆದೇಶದ ಪ್ರತಿಯನ್ನು ಅವನ ತಾಯಿಯ ಕೈಗೆ ತಲುಪುವಂತೆ ಕಳಿಸಿ, ಅದರಲ್ಲಿ ಅವನು ಏನನ್ನೂ ಎಣಿಸಿರಲಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ. ಒಗ್ಗಟ್ಟಿನ ನಮೂನೆಯನ್ನು ಹಿಂಪಡೆಯಿರಿ. ಹಗ್ಗದ ತುದಿಯಲ್ಲಿ ಗೊತ್ತಾಗುವುದನ್ನು ಕಾಗದದಲ್ಲಿ ಕೇಳಬೇಡಿ. ನಿಷೇಧವನ್ನು ನನ್ನ ಹೆಸರಿಗೆ ಬರೆಯಿರಿ. ಎರಡು ವರ್ಷ ಕಡಿಮೆಯಾಯಿತೆನಿಸಿದರೆ ನಾಲ್ಕು ಮಾಡಿ, ನಾನು ಮೇಲ್ಮನವಿ ಸಲ್ಲಿಸುವುದಿಲ್ಲ. ತಮ್ಮ ಶಿಕ್ಷೆಗೆ ಒಂದು ಕೊನೆಯ ತಾರೀಖಾದರೂ ಇರುತ್ತದೆ. ಬಿಯ್ಯಾತುಮ್ಮ ತಾರೀಖು ಹೇಳಲಿಲ್ಲ.

ಇಂತಿ,
ಏಳು ಮಂದಿಯ ಪಕ್ಕದಲ್ಲಿ ನಿಂತು ಕೂಗಿದ್ದನ್ನೇ ತನ್ನ ಶಕ್ತಿಯೆಂದು ತಿಳಿದಿದ್ದ,
ಕೆ. ಪಿ. ವಿಶ್ವಂಭರನ್ ಮಾಷ್
(ನಿವೃತ್ತ ಡ್ರಿಲ್ ಮಾಸ್ತರ, ಐವತ್ತೆಂಟು ಕಿಲೋ)
ಕೂಳಿಪ್ಪಾಡಂ